ಮನೆಯಂಗಳ ಹಾಗೂ ಬಯಲಿನಲ್ಲಿ ಟಿ.ವಿ. ವೀಕ್ಷಣೆ: ಧ್ವನಿ ವ್ಯವಸ್ಥೆಯ ಅಳವಡಿಕೆ ಮತ್ತು ಅನುಮತಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೇಸಿಗೆಯ ಸಂಜೆಗಳಲ್ಲಿ ಮನೆಯ ಅಂಗಳ, ತಾರಸಿ ಅಥವಾ ಬಡಾವಣೆಯ ಬಯಲಿನಲ್ಲಿ ಟಿ.ವಿ. ಇರಿಸಿ ಕ್ರಿಕೆಟ್ ಪಂದ್ಯ ಮುಂತಾದ ಕಾರ್ಯಕ್ರಮಗಳನ್ನು ವೀಕ್ಷಿಸುವ ರೂಢಿಯಿದೆ. ಬಯಲಿನಲ್ಲಿ ಟಿ.ವಿ.ಯ ಧ್ವನಿ ಸ್ಪಷ್ಟವಾಗಿ ಕೇಳಿಸದ ಕಾರಣ ಅನೇಕರು ದೊಡ್ಡ ಸ್ಪೀಕರುಗಳನ್ನು ಜೋಡಿಸಿ ಧ್ವನಿಯನ್ನು ಹೆಚ್ಚಿಸುತ್ತಾರೆ. ಇದರಿಂದ ನೆರೆಹೊರೆಯ ರೋಗಿಗಳು, ವೃದ್ಧರು, ಹಸುಳೆಗಳು ಹಾಗೂ ಪರೀಕ್ಷೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ತೊಂದರೆಗೆ ಒಳಗಾಗುತ್ತಾರೆ.

ಕಾನೂನಿನ ಮಿತಿಯು ಅನ್ವಯವಾಗುವುದು ವೀಕ್ಷಕರು ಕುಳಿತ ಸ್ಥಳದಲ್ಲಿ ಅಲ್ಲ, ಆವರಣದ ಗಡಿಯಲ್ಲಿ ಎಂಬುದನ್ನು ನಾಗರಿಕರು ಮುಖ್ಯವಾಗಿ ಗಮನಿಸಬೇಕು. ಸ್ಪೀಕರನ್ನು ಕೇಳುಗರ ಸಮೀಪಕ್ಕೆ ತಂದು ಧ್ವನಿಯನ್ನು ತಗ್ಗಿಸಿದಲ್ಲಿ ವೀಕ್ಷಕರಿಗೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ನಿಯಮವೂ ಪಾಲನೆಯಾಗುತ್ತದೆ. ಇದರ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

1. ಬಯಲಿನಲ್ಲಿ ಧ್ವನಿ ಕ್ಷೀಣಿಸಲು ಕಾರಣಗಳು

ಕೊಠಡಿಯೊಳಗೆ ಗೋಡೆ ಹಾಗೂ ಛಾವಣಿಗಳು ಧ್ವನಿಯನ್ನು ಪ್ರತಿಫಲಿಸುತ್ತವೆ. ಬಯಲಿನಲ್ಲಿ ಈ ನೆರವು ದೊರೆಯುವುದಿಲ್ಲ. ಇದಲ್ಲದೆ ಇಂದಿನ ತೆಳು ಟಿ.ವಿ.ಗಳ ಪೈಕಿ ಹೆಚ್ಚಿನವುಗಳಲ್ಲಿ ಸ್ಪೀಕರುಗಳು ಕೆಳಮುಖವಾಗಿ ಅಥವಾ ಹಿಮ್ಮುಖವಾಗಿ ಇರುತ್ತವೆ.

ತೆರೆದ ಸ್ಥಳದಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಂತೆಲ್ಲಾ ಧ್ವನಿಯ ಮಟ್ಟವು ಸುಮಾರು 6 ಡೆಸಿಬಲ್‌ನಷ್ಟು ಇಳಿಯುತ್ತದೆ. 1 ಮೀಟರ್ ದೂರದಲ್ಲಿ 75 ಡೆಸಿಬಲ್ ಇರುವ ಧ್ವನಿ 2 ಮೀಟರ್ ದೂರದಲ್ಲಿ 69, 4 ಮೀಟರ್ ದೂರದಲ್ಲಿ 63, 8 ಮೀಟರ್ ದೂರದಲ್ಲಿ 57 ಡೆಸಿಬಲ್ ಆಗುತ್ತದೆ.

2. ಅನ್ವಯವಾಗುವ ನಿಯಮಗಳು

ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಕೇಂದ್ರ ಸರ್ಕಾರವು ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ನ್ನು ಜಾರಿಗೆ ತಂದಿದೆ. ಸದರಿ ನಿಯಮಗಳ ಅನುಸೂಚಿಯಲ್ಲಿ ನಿಗದಿಪಡಿಸಿರುವ ಪರಿಸರ ಶಬ್ದದ ಮಿತಿಗಳು (ಡೆಸಿಬಲ್‌ಗಳಲ್ಲಿ) ಈ ಕೆಳಕಂಡಂತಿವೆ:

ಕೈಗಾರಿಕಾ ಪ್ರದೇಶ: ಹಗಲು 75, ರಾತ್ರಿ 70
ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
ವಸತಿ ಪ್ರದೇಶ: ಹಗಲು 55, ರಾತ್ರಿ 45
ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ಇಲ್ಲಿ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10 ಗಂಟೆಯವರೆಗಿನ ಅವಧಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6 ಗಂಟೆಯವರೆಗಿನ ಅವಧಿ. ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತಲಿನ 100 ಮೀಟರಿಗೆ ಕಡಿಮೆಯಿಲ್ಲದ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದಾಗಿದೆ.

ಈ ಮಿತಿಗಳ ಜೊತೆಗೆ:

ಅ) ಖಾಸಗಿ ಸ್ಥಳದಲ್ಲಿ ಬಳಸುವ ಸ್ವಂತ ಧ್ವನಿ ವ್ಯವಸ್ಥೆಯ ಶಬ್ದವು ಆ ಸ್ಥಳದ ಗಡಿಯಲ್ಲಿ ಆಯಾ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರತಕ್ಕದ್ದಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ವೇಳೆ ಇದು 60 ಡೆಸಿಬಲ್ ಆಗುತ್ತದೆ.

ಆ) ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸಿದಲ್ಲಿ, ಆ ಸ್ಥಳದ ಗಡಿಯಲ್ಲಿ ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚಿನ ಮಟ್ಟ ಅಥವಾ 75 ಡೆಸಿಬಲ್, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರತಕ್ಕದ್ದಲ್ಲ.

ಇ) ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಹಾಗೂ ಆಂಪ್ಲಿಫೈಯರ್ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನಗಳಂತಹ ಮುಚ್ಚಿದ ಆವರಣದೊಳಗಿನ ಬಳಕೆಗೆ ಹಾಗೂ ಸಾರ್ವಜನಿಕ ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವದ ಸಂದರ್ಭದಲ್ಲಿ ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನಗಳಿಗೆ ಮೀರದಂತೆ ರಾತ್ರಿ 12 ಗಂಟೆಯವರೆಗೆ ಅವಕಾಶ ನೀಡಬಹುದು.

ಧ್ವನಿವರ್ಧಕ ಬಳಸಿ ಶಬ್ದ ಮಾಡುವುದನ್ನು ಮೂಲಭೂತ ಹಕ್ಕೆಂದು ಯಾರೂ ಪ್ರತಿಪಾದಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

3. ಸ್ಪೀಕರುಗಳ ಅಳವಡಿಕೆ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ವೀಕ್ಷಕರು ಟಿ.ವಿ.ಯಿಂದ 4 ಮೀಟರ್ ದೂರದಲ್ಲಿ ಕುಳಿತಿದ್ದಾರೆ. ಅವರ ಹಿಂದಿನ ಕಾಂಪೌಂಡ್ ಗೋಡೆ ಟಿ.ವಿ.ಯಿಂದ 8 ಮೀಟರ್ ದೂರದಲ್ಲಿದೆ. ವೀಕ್ಷಕರಿಗೆ 66 ಡೆಸಿಬಲ್ ಧ್ವನಿ ಬೇಕೆಂದಿಟ್ಟುಕೊಳ್ಳೋಣ. ಸ್ಪೀಕರನ್ನು ಟಿ.ವಿ.ಯ ಪಕ್ಕದಲ್ಲಿಯೇ ಇರಿಸಿದಲ್ಲಿ ಗೋಡೆಯ ಬಳಿ ಸುಮಾರು 60 ಡೆಸಿಬಲ್ ಇರುತ್ತದೆ. ಅಂದರೆ ಹಗಲಿನ ಮಿತಿಯ ಅಂಚನ್ನು ತಲುಪುತ್ತದೆ. ಅದೇ ಸ್ಪೀಕರನ್ನು ವೀಕ್ಷಕರಿಂದ 1 ಮೀಟರ್ ಮುಂದಕ್ಕೆ ಇರಿಸಿದಲ್ಲಿ ಅವರಿಗೆ ಅಷ್ಟೇ ಧ್ವನಿ ದೊರೆತು, ಗೋಡೆಯ ಬಳಿ ಸುಮಾರು 52 ಡೆಸಿಬಲ್ ಮಾತ್ರ ಇರುತ್ತದೆ. ಆದುದರಿಂದ ಈ ಕೆಳಗಿನ ಕ್ರಮಗಳು ಸೂಕ್ತ:

ಅ) ಒಂದು ದೊಡ್ಡ ಸ್ಪೀಕರಿನ ಬದಲು ಎರಡು ಅಥವಾ ನಾಲ್ಕು ಚಿಕ್ಕ ಸ್ಪೀಕರುಗಳನ್ನು ಆಸನಗಳ ಸಮೀಪ ಇರಿಸುವುದು.

ಆ) ಸ್ಪೀಕರುಗಳನ್ನು ಕುಳಿತವರ ಕಿವಿಯ ಎತ್ತರಕ್ಕೆ ಇರಿಸಿ ಅವರತ್ತ ತಿರುಗಿಸುವುದು. ಎತ್ತರದಲ್ಲಿ ಕಟ್ಟಿದಲ್ಲಿ ಕೆಳಮುಖವಾಗಿ ಬಾಗಿಸುವುದು. ಸ್ಪೀಕರಿನ ಮುಖ ರಸ್ತೆ ಅಥವಾ ನೆರೆಮನೆಯ ಕಿಟಕಿಯ ಬದಲು ಸ್ವಂತ ಮನೆಯ ಗೋಡೆಯತ್ತ ಇರುವುದು ಒಳ್ಳೆಯದು.

ಇ) ಧ್ವನಿಯನ್ನು ಬಹುದೂರ ಒಯ್ಯುವ ಹಾರ್ನ್ ಮಾದರಿಯ ಧ್ವನಿವರ್ಧಕಗಳನ್ನು ಬಳಸದಿರುವುದು.

ಈ) ಬಾಸ್ ತಗ್ಗಿಸುವುದು, ಸಬ್‌ವೂಫರ್ ಬಳಸದಿರುವುದು. ತಗ್ಗಿನ ಧ್ವನಿ ಗೋಡೆಗಳನ್ನು ಸುಲಭವಾಗಿ ದಾಟುತ್ತದೆ. ಮಾತಿನ ಸ್ಪಷ್ಟತೆಗೆ ಅದು ಹೆಚ್ಚು ನೆರವಾಗುವುದಿಲ್ಲ.

ಉ) ಸೌಂಡ್‌ಬಾರ್ ಅಥವಾ ಆಂಪ್ಲಿಫೈಯರನ್ನು ಸಾಧ್ಯವಾದಷ್ಟು ಕೇಬಲ್ ಮೂಲಕ ಜೋಡಿಸುವುದು. ಬ್ಲೂಟೂತ್ ಮೂಲಕ ಜೋಡಿಸಿದಾಗ ಧ್ವನಿಯು ಚಿತ್ರಕ್ಕಿಂತ ತಡವಾಗಿ ಕೇಳಿಸುವ ಸಂಭವವಿದೆ.

ಊ) 8 ಓಮ್‌ನ ಎರಡು ಸ್ಪೀಕರುಗಳನ್ನು ಸಮಾನಾಂತರವಾಗಿ ಜೋಡಿಸಿದಲ್ಲಿ ಒಟ್ಟು 4 ಓಮ್ ಆಗುತ್ತದೆ. ಆಂಪ್ಲಿಫೈಯರ್ ಮೇಲೆ ನಮೂದಿಸಿರುವ ಕನಿಷ್ಠ ಓಮ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

4. ವಿದ್ಯುತ್ ಸುರಕ್ಷತೆ

ಹೊರಾಂಗಣದ ಪ್ಲಗ್‌ಗಳಿಗೆ ಸರಿಯಾದ ಅರ್ತಿಂಗ್ ಹಾಗೂ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇರುವುದನ್ನು ಎಲೆಕ್ಟ್ರಿಷಿಯನ್ ಮೂಲಕ ಖಚಿತಪಡಿಸಿಕೊಳ್ಳಬೇಕು. ಬೀದಿ ದೀಪದ ಕಂಬದಿಂದ ವಿದ್ಯುತ್ ಸಂಪರ್ಕ ಪಡೆಯುವುದು ಅಪರಾಧವೂ ಪ್ರಾಣಾಪಾಯಕಾರಿಯೂ ಆಗಿರುತ್ತದೆ. ಕಾಯಂ ಆಗಿ ಹೊರಗೆ ಇರಿಸುವ ಸ್ಪೀಕರುಗಳ ಐ.ಪಿ. ಸಂಖ್ಯೆಯನ್ನು ಪರಿಶೀಲಿಸಬೇಕು. ಇದರ ಮೊದಲ ಅಂಕಿ ಧೂಳಿನಿಂದ, ಎರಡನೆಯ ಅಂಕಿ ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಮಳೆ, ಗುಡುಗು, ಸಿಡಿಲಿನ ಸೂಚನೆ ಕಂಡ ಕೂಡಲೇ ವೀಕ್ಷಣೆ ನಿಲ್ಲಿಸಿ, ಸ್ವಿಚ್ ಆರಿಸಿ ಪ್ಲಗ್ ತೆಗೆಯತಕ್ಕದ್ದು.

5. ಸಾರ್ವಜನಿಕ ಸ್ಥಳದಲ್ಲಿ ಪ್ರದರ್ಶನ: ಅನುಮತಿ

ಬೀದಿ, ಉದ್ಯಾನ, ಆಟದ ಮೈದಾನ ಮುಂತಾದೆಡೆ ಧ್ವನಿವರ್ಧಕ ಬಳಸಲು ಪ್ರಾಧಿಕಾರದ ಲಿಖಿತ ಅನುಮತಿ ಕಡ್ಡಾಯ. ನಿಯಮಗಳ ಪ್ರಕಾರ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಉಪ ಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ನಿಯೋಜಿತ ಅಧಿಕಾರಿಗಳು ಪ್ರಾಧಿಕಾರವಾಗಿರುತ್ತಾರೆ. ಅರ್ಜಿ ಸಲ್ಲಿಸುವ ವಿಧಾನ, ಲಗತ್ತಿಸಬೇಕಾದ ದಾಖಲೆಗಳು ಹಾಗೂ ಶುಲ್ಕದ ಬಗ್ಗೆ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಮುಂಚಿತವಾಗಿ ವಿಚಾರಿಸುವುದು. ಅರ್ಜಿದಾರರು ಈ ವಿವರಗಳನ್ನು ಸಿದ್ಧವಾಗಿರಿಸಿಕೊಂಡಲ್ಲಿ ಅನುಕೂಲವಾಗುತ್ತದೆ:

ಅ) ಸ್ಥಳ, ದಿನಾಂಕ, ಆರಂಭ ಹಾಗೂ ಮುಕ್ತಾಯದ ವೇಳೆ
ಆ) ಸ್ಪೀಕರುಗಳ ಸಂಖ್ಯೆ, ವ್ಯಾಟ್ ಸಾಮರ್ಥ್ಯ ಮತ್ತು ಮುಖ ಮಾಡುವ ದಿಕ್ಕು
ಇ) ಸಮೀಪದ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳಿಂದ ಇರುವ ದೂರ
ಈ) ಸ್ಥಳದ ಮಾಲೀಕರ ಅಥವಾ ಸ್ಥಳೀಯ ಸಂಸ್ಥೆಯ ಒಪ್ಪಿಗೆ

ಧ್ವನಿವರ್ಧಕದ ಅನುಮತಿಯು ಪ್ರಸಾರದ ಹಕ್ಕನ್ನು ಒಳಗೊಂಡಿರುವುದಿಲ್ಲ. ಹಣ ಪಡೆದು ಪ್ರಸಾರವನ್ನು ತೋರಿಸಲು ಪ್ರಸಾರ ಸಂಸ್ಥೆಯ ಪ್ರತ್ಯೇಕ ಪರವಾನಗಿ ಅಗತ್ಯ.

6. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಜೆ 7.30ಕ್ಕೆ ಆರಂಭವಾಗುವ 20 ಓವರುಗಳ ಪಂದ್ಯ ರಾತ್ರಿ 10ರ ನಂತರವೂ ನಡೆಯುತ್ತದೆ. ಆಗ ಏನು ಮಾಡಬೇಕು?
ಉತ್ತರ: ಇಂತಹ ಪಂದ್ಯವು ಮೂರು ಗಂಟೆಗೂ ಹೆಚ್ಚು ಕಾಲ ನಡೆಯುವುದರಿಂದ ಇದನ್ನು ಮೊದಲೇ ಯೋಚಿಸಬೇಕು. ರಾತ್ರಿ 10 ಗಂಟೆಗೆ ಹೊರಗಿನ ಧ್ವನಿ ವ್ಯವಸ್ಥೆಯನ್ನು ಆರಿಸಿ, ಉಳಿದ ಭಾಗವನ್ನು ಮನೆಯೊಳಗೆ ಅಥವಾ ಹೆಡ್‌ಫೋನ್ ಧರಿಸಿ ವೀಕ್ಷಿಸಬಹುದು. ಪಂದ್ಯ ರೋಚಕ ಹಂತದಲ್ಲಿದೆ ಎಂಬುದು ವಿನಾಯಿತಿಗೆ ಕಾರಣವಾಗುವುದಿಲ್ಲ.

ಪ್ರಶ್ನೆ: ಮೊಬೈಲ್ ಆ್ಯಪ್ ಮೂಲಕ ಶಬ್ದದ ಮಟ್ಟ ಅಳೆಯಬಹುದೇ?
ಉತ್ತರ: ಅಂದಾಜಿಗಾಗಿ ಬಳಸಬಹುದು. ಕಾರ್ಯಕ್ರಮಕ್ಕೆ ಮುನ್ನ ಕಾಂಪೌಂಡ್ ಬಳಿ ನಿಂತು ಪರೀಕ್ಷಿಸುವುದು ಉತ್ತಮ. ಆದರೆ ನಿಖರ ಅಳತೆಗೆ ಪ್ರಮಾಣೀಕೃತ ಶಬ್ದಮಾಪಕವೇ ಬೇಕು.

ಪ್ರಶ್ನೆ: ನೆರೆಮನೆಯವರ ಧ್ವನಿ ವ್ಯವಸ್ಥೆಯಿಂದ ತೊಂದರೆಯಾದಲ್ಲಿ ಯಾರಿಗೆ ತಿಳಿಸಬೇಕು?
ಉತ್ತರ: ಮೊದಲು ಅವರ ಗಮನಕ್ಕೆ ಸೌಜನ್ಯದಿಂದ ತರುವುದು ಸೂಕ್ತ. ಸರಿಹೋಗದಿದ್ದಲ್ಲಿ ವ್ಯಾಪ್ತಿಯ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಿಳಿಸಬಹುದು. ಶಬ್ದವು ಪ್ರದೇಶದ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿದಲ್ಲಿ, ಇಲ್ಲವೇ ರಾತ್ರಿಯ ನಿರ್ಬಂಧ ಉಲ್ಲಂಘನೆಯಾದಲ್ಲಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ.

ಶಾಲಾ ಕಾಲೇಜುಗಳ ವಾರ್ಷಿಕ ಪರೀಕ್ಷೆಗಳು ಹಾಗೂ ಬೇಸಿಗೆಯ ಕ್ರಿಕೆಟ್ ಪಂದ್ಯಗಳು ಬಹುತೇಕ ಒಂದೇ ಅವಧಿಯಲ್ಲಿ ಬರುತ್ತವೆ. ಅಂಗಳದಲ್ಲಿ ಟಿ.ವಿ. ಹಚ್ಚುವ ಮುನ್ನ ಅಕ್ಕಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ರಾತ್ರಿ 10 ಗಂಟೆಗೆ ಸರಿಯಾಗಿ ಸ್ಪೀಕರುಗಳನ್ನು ಆರಿಸಿ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.