ಬಿದ್ದರೂ ನೋಯದ ಅಂಗಳ: ಕೆಸರುಗದ್ದೆ ಆಟ ಕಟ್ಟುವ ಕಸುಬು

ತುಳುವರ ಆಟಿ ತಿಂಗಳು ಬಂತೆಂದರೆ ದಕ್ಷಿಣ ಕನ್ನಡದ ಊರೂರಲ್ಲಿ ಕೆಸರುಗದ್ದೆ ಆಟದ ಬ್ಯಾನರುಗಳು ಏಳುತ್ತವೆ. ಯುವಕ ಮಂಡಲ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘಗಳ ಹಾಗೆಯೇ ಚರ್ಚ್‌ಗಳ ಯುವ ಸಂಘಟನೆಗಳೂ ಗದ್ದೆಗೆ ಇಳಿಯುತ್ತವೆ. ಮಂಗಳೂರು ಧರ್ಮಪ್ರಾಂತ್ಯದ ಚರ್ಚ್‌ಗಳಲ್ಲಿ ಐಸಿವೈಎಂ ಎಂಬ ಕ್ಯಾಥೋಲಿಕ್ ಯುವ ಸಂಘಟನೆಯ ಘಟಕಗಳಿವೆ. ಕೇರಳದಿಂದ ಬಂದು ರಬ್ಬರ್ ಬೆಳೆದು ನೆಲೆನಿಂತ ಕೃಷಿಕ ಕುಟುಂಬಗಳಿಗೆ 1999ರಲ್ಲಿ ಬೆಳ್ತಂಗಡಿಯ ಸೀರೋ ಮಲಬಾರ್ ಧರ್ಮಪ್ರಾಂತ್ಯ, 2010ರಲ್ಲಿ ಪುತ್ತೂರಿನ ಸೀರೋ ಮಲಂಕರ ಧರ್ಮಪ್ರಾಂತ್ಯ ಬಂದವು; ಅವರ ಮಕ್ಕಳಿಗೂ ಅವರದೇ ಯುವ ಸಂಘಟನೆಗಳಿವೆ. ಸುಬ್ರಹ್ಮಣ್ಯ, ಕಡಬ, ನೆಲ್ಯಾಡಿಯ ಆಸುಪಾಸಿನಲ್ಲಿ ಕೊಂಕಣಿ, ಮಲಯಾಳ, ತುಳು, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದು ದಿನದ ಆಟದಲ್ಲಿ ಇಷ್ಟೂ ಮಂದಿಯನ್ನು ಜಿದ್ದಿಗೆ ಬಿಟ್ಟು, ಸಂಜೆಗೆ ಯಾರಿಗೂ ನೋವಿಲ್ಲದಂತೆ ಮನೆಗೆ ಕಳಿಸುವುದು ದೊಡ್ಡ ಕಸುಬು. ನೋಡುವವರ ಕಣ್ಣಿಗೆ ಆಟ ಕಾಣುತ್ತದೆ, ಕಸುಬು ಕಾಣುವುದಿಲ್ಲ. ಅದನ್ನು ಕಾಣಿಸುವುದಕ್ಕೇ ಈ ಬರಹ.

ಹೋಲಿಕೆಗೆ ಹೇಳುವುದಾದರೆ, ಅಮೆರಿಕದ ಚರ್ಚ್ ಯುವ ಬಳಗಗಳಲ್ಲಿ ಸ್ಪಂಜಿನ ಬಾಣಗಳ ಕಾಳಗದ ರಾತ್ರಿ ಎಂಬುದೊಂದಿದೆ. ನರ್ಫ್ ಎಂಬ ಬ್ರ್ಯಾಂಡಿನ ಆಟದ ಬಂದೂಕುಗಳಲ್ಲಿ 1992ರಿಂದೀಚೆಗೆ ಇಂಥ ಬಾಣಗಳು ಬಂದಿವೆ. ಬಾಣದ ತೂಕ ಸುಮಾರು ಒಂದು ಗ್ರಾಂ. ಸ್ಪ್ರಿಂಗು ಒತ್ತಿದ ಗಾಳಿ ಅದನ್ನು ಹಾರಿಸುತ್ತದೆ, ತಗುಲಿದರೆ ಚುರುಕ್ ಎನ್ನುತ್ತದೆ, ಅಷ್ಟೆ. ಸಭಾಂಗಣದ ಮೇಜು ಕುರ್ಚಿಗಳನ್ನು ಮಗುಚಿ ಕೋಟೆ ಮಾಡಿಕೊಂಡು, ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಹುಡುಗರು ಕಾದಾಡುತ್ತಾರೆ. ಜಗಳದ ಹುರುಪು ಪೂರ್ತಿ ಇರಬೇಕು, ಪೆಟ್ಟು ಮಾತ್ರ ಇರಬಾರದು. ಅಲ್ಲಿ ಸ್ಪಂಜು ಮಾಡುವ ಆ ಕೆಲಸವನ್ನು ನಮ್ಮಲ್ಲಿ ಕೆಸರು ಮಾಡುತ್ತದೆ. ಸ್ಪಂಜು ಕಾರ್ಖಾನೆಯಿಂದ ತಯಾರಾಗಿ ಬರುತ್ತದೆ. ಕೆಸರನ್ನು ಮಾತ್ರ ನಾವೇ ಹದ ಮಾಡಿಕೊಳ್ಳಬೇಕು.

ಮೊದಲ ಜಾಣ್ಮೆ ಗದ್ದೆ ಆರಿಸುವುದರಲ್ಲಿದೆ. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ತಗ್ಗಿನ ಬೈಲುಗದ್ದೆಯಲ್ಲಿ ನೀರು ಸದಾ ಇರುತ್ತದೆ, ಕೆಸರು ಆಳ; ಓಡುವವನ ಕಾಲು ಹೂತು ಮೊಣಕಾಲು ತಿರುಚುವ ಭಯ. ಎತ್ತರದ ಬೆಟ್ಟುಗದ್ದೆ ಮಳೆಯನ್ನೇ ನಂಬಿದ್ದು, ಎರಡು ದಿನ ಬಿಸಿಲು ಬಿದ್ದರೆ ಗಟ್ಟಿಯಾಗುತ್ತದೆ. ನಡುವಿನ ಮಜಲುಗದ್ದೆ ಆಟಕ್ಕೆ ಹೇಳಿ ಮಾಡಿಸಿದ್ದು. ಅಡಿಕೆ, ರಬ್ಬರ್ ಹಬ್ಬಿದ ಈ ಸೀಮೆಯಲ್ಲಿ ಭತ್ತದ ಗದ್ದೆಯೇ ಅಪರೂಪವಾಗಿರುವುದರಿಂದ ಹಡಿಲು (ಪಾಳು) ಬಿದ್ದ ಗದ್ದೆಯನ್ನು ಕೇಳಿ ಪಡೆಯುವುದೂ ಉಂಟು. ಗದ್ದೆಯ ಯಜಮಾನರ ಮನೆಗೆ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೋಗಿ ಕೇಳುವುದೇ ಕ್ರಮ. ಯಜಮಾನರು ಬೇರೆ ಧರ್ಮದವರಾದರೂ ಉದ್ಘಾಟನೆಯ ದಿನ ಅವರ ಕೈಯಿಂದಲೇ ಗದ್ದೆಗೆ ಹಾಲೆರೆಸಿ, ತೆಂಗಿನ ಹಿಂಗಾರ ಅರಳಿಸಿದರೆ ಆ ಗೌರವ ಊರಿಗೆಲ್ಲ ತಿಳಿಯುತ್ತದೆ.

ಆಮೇಲಿನದು ಹದ. ಗದ್ದೆಯ ಬದುವಾದ ಹುಣಿಯಲ್ಲಿ ಏಡಿ ಕೊರೆದ ತೂತುಗಳನ್ನು ಮಣ್ಣಿನಿಂದ ಮುಚ್ಚಿ ನೀರು ಕಟ್ಟಬೇಕು. ನೆಲ ಚೆನ್ನಾಗಿ ನೆನೆದ ಮೇಲೆ ಕೇಜ್ ವೀಲ್ ಹಾಕಿದ ಟಿಲ್ಲರನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಓಡಿಸಬೇಕು. ಹೆಂಟೆ ಪೂರ್ತಿ ಕರಗಬೇಕು, ಕಳೆ ಕೆಳಗೆ ಹೋಗಬೇಕು. ಹಲಗೆ ಎಳೆದು ಮಟ್ಟ ಮಾಡಿ ಒಂದು ರಾತ್ರಿ ಹಾಗೇ ಬಿಟ್ಟರೆ ಕೆಸರು ಕೂರುತ್ತದೆ. ಮೀನಖಂಡದ ಅರ್ಧಕ್ಕೆ ಕೆಸರು, ಅದರ ಮೇಲೆ ನಾಲ್ಕು ಬೆರಳು ನೀರು ಇದ್ದರೆ ಹದ ಸರಿ. ನೀರು ಕಡಿಮೆಯಾದರೆ ಕೆಸರು ಅಂಟಾಗಿ ಕಾಲು ಹಿಡಿಯುತ್ತದೆ. ಹೆಚ್ಚಾದರೆ ಒಳಗೇನಿದೆ ಎಂದು ಯಾರಿಗೂ ತಿಳಿಯದು.

ಇನ್ನು ಶೋಧನೆ. ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಇದೇ ಕೆಲಸ. ಹಿಂದಿನ ದಿನ ಎಂಟು ಹತ್ತು ಮಂದಿ ಬರಿಗಾಲಲ್ಲಿ ಸಾಲಾಗಿ ಗದ್ದೆಗೆ ಇಳಿಯುತ್ತಾರೆ. ಹೆಜ್ಜೆ ಎತ್ತದೆ ಪಾದ ಎಳೆಯುತ್ತಾ ಸಾಗುತ್ತಾರೆ. ಅಂಗಾಲಿಗೆ ಏನು ಸಿಕ್ಕಿದರೂ ಬಗ್ಗಿ, ಮೊಣಕೈವರೆಗೆ ಕೈ ಇಳಿಸಿ ತೆಗೆಯುತ್ತಾರೆ: ಕಲ್ಲು, ಬೇರಿನ ತುಂಡು, ಬಸವನಹುಳದ ಚಿಪ್ಪು, ಎಂದೋ ಯಾರೋ ಎಸೆದ ಬಾಟಲಿಯ ಚೂರು. ಬುಟ್ಟಿ ಹಿಡಿದ ಒಬ್ಬ ಹಿಂದೆಯೇ ಬರುತ್ತಾನೆ. ಕೊನೆ ಮುಟ್ಟಿದ ಮೇಲೆ ಸಾಲು ಅಡ್ಡಕ್ಕೆ ತಿರುಗುತ್ತದೆ. ಮರುದಿನ ನೂರು ಮಕ್ಕಳು ಕಣ್ಣುಮುಚ್ಚಿ ಬೀಳಲಿರುವ ನೆಲವನ್ನು ಈ ಹತ್ತು ಜನರ ಅಂಗಾಲು ಮೊದಲೇ ಓದಿ ಮುಗಿಸಿರುತ್ತದೆ. ಇವರ ಹೆಸರು ಕಾರ್ಯಕ್ರಮ ಪತ್ರಿಕೆಯಲ್ಲಿ ಇರುವುದಿಲ್ಲ.

ಆಟಗಳ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಹಗ್ಗಜಗ್ಗಾಟ, ಮೂರು ಕಾಲಿನ ಓಟ, ಹಿಮ್ಮುಖ ಓಟ, ಅಡಿಕೆ ಹಾಳೆಯಲ್ಲಿ ಒಬ್ಬನನ್ನು ಕೂರಿಸಿ ಎಳೆಯುವುದು, ಕೆಸರಿನಲ್ಲಿ ಹುದುಗಿಸಿದ ನಿಧಿ ಹುಡುಕುವುದು. ಸ್ಪಂಜು ಬಾಣದ ಕಾಳಗಕ್ಕೆ ಹತ್ತಿರದ್ದು ಲಗೋರಿ. ಕೆಸರಲ್ಲಿ ಲಗೋರಿ ಆಡಿಸುವುದಕ್ಕೆ ತಲೆ ಬೇಕು. ಕಲ್ಲು ಪೇರಿಸಿದರೆ ಮುಳುಗುತ್ತದೆ, ಮುಳುಗಿದ ಕಲ್ಲಿನ ಮೇಲೆ ಯಾರೋ ಬೀಳುತ್ತಾರೆ. ಅದಕ್ಕೆ ಹಳೆಯ ಟಯರಿನ ಮೇಲೆ ಹಲಗೆ ಇಟ್ಟು ಅದನ್ನೇ ಪೀಠ ಮಾಡಬಹುದು. ಕಲ್ಲಿನ ಬದಲು ಒಣಗಿದ ರಬ್ಬರ್ ಮರದ ಕೊಂಬೆಯಿಂದ ಏಳು ಬಿಲ್ಲೆ ಕೊಯ್ದು, ಅಂಚು ಕೆತ್ತಿ ಉರುಟು ಮಾಡಿಕೊಂಡರಾಯಿತು. ಚೆಲ್ಲಿದರೂ ನೀರಲ್ಲಿ ತೇಲುತ್ತವೆ. ಚೆಂಡಿನ ಆಯ್ಕೆ ಇನ್ನೂ ಸೂಕ್ಷ್ಮ. ಬಟ್ಟೆಯ ಚೆಂಡು ನಾಲ್ಕು ಎಸೆತಕ್ಕೆ ಕೆಸರು ಕುಡಿದು ಭಾರವಾಗುತ್ತದೆ, ಟೆನಿಸ್ ಚೆಂಡಿನ ಜುಂಗೂ ಹಾಗೆಯೇ. ಭಾರವಾದಷ್ಟೂ ಏಟು ಜೋರು. ನುಣುಪಾದ, ಹಗುರ ಪ್ಲಾಸ್ಟಿಕ್ ಚೆಂಡು ಕೊನೆಯವರೆಗೂ ಹಗುರವಾಗಿಯೇ ಇರುತ್ತದೆ. ಚೆಂಡು ತಗುಲಬೇಕಾದದ್ದು ಭುಜದ ಕೆಳಗೆ. ಮುಖಕ್ಕೆ ಬಿದ್ದರೆ ಎಸೆದವನೇ ಔಟ್. ಕೈಯಲ್ಲಿ ಕೆಸರು ಬಾಚಿ ಎಸೆಯುವಂತಿಲ್ಲ, ಯಾಕೆಂದರೆ ಅದು ಕಣ್ಣಿಗೇ ಹೋಗುತ್ತದೆ.

ತಂಡ ಮಾಡುವಾಗ ಚರ್ಚಿನ ಒಂದೊಂದು ವಾಳೆಗೆ (ವಾರ್ಡಿಗೆ) ಒಂದೊಂದು ತಂಡ ಎಂದರೆ ಕೆಲಸ ಸುಲಭ. ಆದರೆ ದೊಡ್ಡ ವಾಳೆಯವರೇ ಎಲ್ಲ ಗೆದ್ದು ಹಗೆ ಉಳಿಯುತ್ತದೆ. ಅದಕ್ಕೆ ಯುವಜನರಿಗೆ ದಾರಿ ತೋರುವ ಅನುಭವಸ್ಥ ಸಚೇತಕರು ಚೀಟಿ ಎತ್ತಿಸುತ್ತಾರೆ. ಪ್ರತಿ ತಂಡದಲ್ಲೂ ಹುಡುಗಿಯರು, ಹೊಸಬರು, ಮಾತು ಕಡಿಮೆ ಆಡುವವರು ಇರುವಂತೆ ನೋಡುತ್ತಾರೆ. ಕೆಸರು ಇಲ್ಲಿ ನೆರವಿಗೆ ಬರುತ್ತದೆ: ಓಟದಲ್ಲಿ ಚುರುಕಾದವನೂ ಅದರಲ್ಲಿ ನಿಧಾನ, ಐದು ನಿಮಿಷಕ್ಕೆ ಎಲ್ಲರ ಬಟ್ಟೆಯೂ ಒಂದೇ ಬಣ್ಣ.

ಎಚ್ಚರದ ಮಾತುಗಳನ್ನು ಮೈಕಿನಲ್ಲಿ ಮೊದಲೇ ಹೇಳಬೇಕು. ಕಾಲಲ್ಲಿ ಗಾಯ ಇದ್ದವರು ಇಳಿಯಬಾರದು. ಮಳೆಗಾಲದ ಗದ್ದೆನೀರಿನಿಂದ ಇಲಿಜ್ವರ ಬರಬಹುದು, ಅದು ಗಾಯದ ಮೂಲಕ, ಕಣ್ಣು, ಮೂಗು, ಬಾಯಿಯ ಮೂಲಕವೂ ಒಳಹೊಗುತ್ತದೆ. ಆಟದ ನಂತರ ನಾಲ್ಕಾರು ದಿನದಿಂದ ಎರಡು ವಾರದೊಳಗೆ ಜ್ವರ, ಮೈಕೈ ನೋವು ಕಂಡರೆ ವೈದ್ಯರಿಗೆ ಗದ್ದೆಗೆ ಇಳಿದ ವಿಷಯ ಹೇಳಲೇಬೇಕು. ಕಾಡಂಚಿನ ಗದ್ದೆಯಾದರೆ ಜಿಗಣೆಗೆ ಉಪ್ಪು ಕೈಗೆಟಕುವಲ್ಲಿ ಇರಲಿ. ಗುಡುಗು ಕೇಳಿದ ತಕ್ಷಣ ಎಲ್ಲರೂ ಗದ್ದೆಯಿಂದ ಮೇಲೆ ಬರಬೇಕು. ಮೈ ತೊಳೆಯಲು ಕುಮಾರಧಾರಾ ಹೊಳೆಗೆ ಯಾರನ್ನೂ ಬಿಡಬಾರದು. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗೆ ಹೊಳೆ ದಿಢೀರನೆ ಏರುತ್ತದೆ. ತೋಟದ ಪಂಪಿನ ಪೈಪು ಹಿಡಿದು ಹುಣಿಯ ಮೇಲೆಯೇ ತೊಳೆಸಿದರೆ ಸಾಕು, ಆ ನೀರಾಟವೂ ಒಂದು ಆಟವೇ.

ಊಟಕ್ಕೆ ಬಿಸಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ, ಪತ್ರೊಡೆ. ಬಹುಮಾನಕ್ಕೆ ಬಾಳೆಗೊನೆ, ತೆಂಗಿನಕಾಯಿ ಇದ್ದರೆ ಗೆದ್ದವರೇ ಅಲ್ಲಿಯೇ ಹಂಚಿ ತಿನ್ನುತ್ತಾರೆ. ಟ್ರೋಫಿಯಾದರೆ ಕಪಾಟಿಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೂ ಕಸುಬು ಬಲ್ಲವರ ಕೆಲಸ ಒಂದು ಬಾಕಿ ಇರುತ್ತದೆ. ನೂರಾರು ಕಾಲು ತುಳಿದ ಗದ್ದೆ ಏಣಿಲು ಎಂಬ ಮಳೆಗಾಲದ ಭತ್ತದ ಬೆಳೆಯ ನೇಜಿಗೆ (ಸಸಿಗೆ) ತಯಾರಾದ ಗದ್ದೆ. ಒಡೆದ ಹುಣಿ ಕಟ್ಟಿ, ಮತ್ತೊಮ್ಮೆ ಹಲಗೆ ಎಳೆದು, ಅದೇ ವಾರ ಅದೇ ಹುಡುಗ ಹುಡುಗಿಯರು ನೇಜಿ ನೆಡಲು ಬಂದರೆ ಯಜಮಾನರಿಗೆ ಅದಕ್ಕಿಂತ ದೊಡ್ಡ ಬಾಡಿಗೆ ಇನ್ನೊಂದಿಲ್ಲ. ಹಡಿಲು ಗದ್ದೆಯಲ್ಲಿ ಹೀಗೆ ಭತ್ತ ಬೆಳೆದ ಚರ್ಚ್ ಯುವಜನರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಮುಂದಿನ ಆಟಿಗೆ ಗದ್ದೆ ಕೇಳಲು ಹೊರಡುವವರು ನೇಜಿಯ ದಿನವನ್ನೂ ಅಂದೇ ಗೊತ್ತು ಮಾಡಿ ಬರಲಿ.