ಹಳೇ ಕಾರಿನ ಬಣ್ಣ: ಕೋಡ್ ಹೇಳೋದು ಒಂದು, ಕಣ್ಣಿಗೆ ಕಾಣೋದು ಇನ್ನೊಂದು

ಇವತ್ತಿನ ಸಂಚಿಕೆ ಪ್ರಯೋಗಾಲಯ ಬಿಟ್ಟು ಸ್ವಲ್ಪ ಗ್ಯಾರೇಜಿನ ಕಡೆ ಹೊರಟಿದೆ. ಒಂದು ಹಳೇ ಕಾರು. ಬಾನೆಟ್ ಮೇಲೆ ಕಲ್ಲು ಸಿಡಿದು ಹೆಸರುಕಾಳಿನಷ್ಟು ಬಣ್ಣ ಎದ್ದುಹೋಗಿದೆ. ಅಷ್ಟು ಜಾಗಕ್ಕೆ ಅದೇ ಬಣ್ಣ ಹಚ್ಚಬೇಕು. ಕೇಳೋಕೆ ಬಹಳ ಸುಲಭ. ಆದರೆ ಕಾರಿನ ಪ್ಲೇಟಿನಲ್ಲಿರುವ ಬಣ್ಣದ ಕೋಡ್ ನೋಡಿ, ಅದೇ ನಂಬರಿನ ಡಬ್ಬಿ ತಂದು ಹಚ್ಚಿದರೂ ಅದು ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತೆ. ಯಾಕೆ? ನಾವು ಜೀವವಿಜ್ಞಾನದವರು, ಕಾರು ರಿಪೇರಿ ನಮ್ಮ ಕ್ಷೇತ್ರ ಅಲ್ಲ. ಆದರೆ ಬಣ್ಣ ಅನ್ನೋದು ಅರ್ಧ ಡಬ್ಬಿಯಲ್ಲಿದ್ದರೆ ಇನ್ನರ್ಧ ನಮ್ಮ ಕಣ್ಣಿನಲ್ಲಿದೆ. ಆ ಅರ್ಧದ ಬಗ್ಗೆ ನಾವೂ ನಾಲ್ಕು ಮಾತು ಹೇಳಬಹುದು.

ಮೊದಲು ಊರಿನ ವಿಷಯ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಕೇಳುಗರಿಗೆ ಭಾನುವಾರದ ಬೆಳಗ್ಗೆ ರಸ್ತೆಯಲ್ಲಿ ಹಳೇ ಹೋಲ್ಡನ್‌ಗಳು ಗುಡುಗುಡು ಅಂತ ಹೋಗೋದು ಗೊತ್ತೇ ಇರುತ್ತೆ. ಈ ಎರಡು ಊರುಗಳಲ್ಲೂ ಒಂದು ಕಾಲಕ್ಕೆ ಕಾರು ತಯಾರಾಗುತ್ತಿತ್ತು. ಮೆಲ್ಬರ್ನ್‌ನ ಫಿಶರ್‌ಮನ್ಸ್ ಬೆಂಡ್‌ನಲ್ಲಿ 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಬಿಡುಗಡೆ ಮಾಡಿದರು. ಸಿಡ್ನಿಯ ಜೆಟ್‌ಲ್ಯಾಂಡ್‌ನಲ್ಲಿ ಮೋರಿಸ್ ಮೈನರ್, ಮಿನಿ, ಕೊನೆಗೆ 1973ರಲ್ಲಿ ಲೇಲ್ಯಾಂಡ್ ಪಿ76 ಹೊರಬಂದವು. ಮರುವರ್ಷವೇ ಆ ಕಾರ್ಖಾನೆ ಮುಚ್ಚುವ ತೀರ್ಮಾನವಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಹೋಲ್ಡನ್ ಕೂಡ 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾರು ಮಾಡೋದನ್ನು ನಿಲ್ಲಿಸಿತು. ಅಂದರೆ ಈ ಕಾರುಗಳು ಇನ್ನು ಹುಟ್ಟೋದಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ಪಿ76ರ ಬಣ್ಣಗಳ ಹೆಸರುಗಳೇ ಒಂದು ತಮಾಷೆ. ‘ಹೇರಿ ಲೈಮ್’ ಅಂದರೆ ಕೂದಲು ಬೆಳೆದ ನಿಂಬೆ, ‘ಪೀಲ್ ಮಿ ಎ ಗ್ರೇಪ್’ ಅಂದರೆ ನನಗೊಂದು ದ್ರಾಕ್ಷಿ ಸುಲಿದುಕೊಡು! ಹೆಸರು ಇನ್ನೂ ಜನರ ಬಾಯಲ್ಲಿದೆ. ಆದರೆ ಐವತ್ತು ವರ್ಷ ಬಿಸಿಲಲ್ಲಿ ನಿಂತ ಕಾರಿನ ಮೇಲೆ ಆ ಬಣ್ಣ ಹಾಗೇ ಉಳಿದಿದೆಯಾ ಅನ್ನೋದು ಪ್ರಶ್ನೆ.

ಅಷ್ಟು ಚಿಕ್ಕ ಗಾಯಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಕಾರಿನ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಹೆಚ್ಚೆಂದರೆ ಎರಡು ತಲೆಗೂದಲಿನಷ್ಟು. ಉಕ್ಕಿಗೂ ಗಾಳಿಗೂ ಮಧ್ಯೆ ಇರೋದು ಅಷ್ಟೇ. ಆ ಪದರ ಒಡೆದ ಕಡೆ ನೀರು, ಆಮ್ಲಜನಕ, ಸಮುದ್ರದ ಕಡೆಯ ಊರಾದರೆ ಉಪ್ಪು, ಎಲ್ಲ ಒಳಗೆ ಹೋಗುತ್ತವೆ. ತುಕ್ಕು ಶುರುವಾಗುತ್ತೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಪಕ್ಕದ ಒಳ್ಳೆಯ ಬಣ್ಣವನ್ನು ಕೆಳಗಿನಿಂದ ಎತ್ತುತ್ತೆ. ಅಲ್ಲೂ ನೀರು ನುಗ್ಗುತ್ತೆ. ಹೆಸರುಕಾಳು ಕಡಲೆಕಾಳಾಗುತ್ತೆ, ಆಮೇಲೆ ಅಂಗೈ ಅಗಲ. ಬಾಂಡೈ ಅಥವಾ ಸೇಂಟ್ ಕಿಲ್ಡಾದಂಥ ಕಡಲ ದಂಡೆಯಲ್ಲಿ ಕಾರು ನಿಲ್ಲಿಸುವವರು ಇದನ್ನು ಮುಂದಿನ ತಿಂಗಳಿಗೆ ಅಂತ ತಳ್ಳಬಾರದು.

ಈಗ ಬಣ್ಣ ಯಾಕೆ ಬದಲಾಗುತ್ತೆ ಅಂತ ನೋಡೋಣ. ಪೇಂಟಿನಲ್ಲಿ ಮುಖ್ಯವಾಗಿ ಎರಡು ಭಾಗ: ಬಣ್ಣ ಕೊಡುವ ವರ್ಣದ್ರವ್ಯ, ಅದನ್ನು ಹಿಡಿದಿಟ್ಟುಕೊಳ್ಳುವ ಅಂಟು. ಬಿಸಿಲಿನ ಅತಿನೇರಳೆ ಕಿರಣಗಳು ಎರಡನ್ನೂ ಕೆಡಿಸುತ್ತವೆ. ಕೆಂಪಿನಂಥ ಕೆಲವು ಸಾವಯವ ವರ್ಣದ್ರವ್ಯಗಳಲ್ಲಿ ಬಣ್ಣ ಕೊಡುವ ರಾಸಾಯನಿಕ ಬಂಧಗಳೇ ಮುರಿಯುತ್ತವೆ, ಆಗ ಕೆಂಪು ಮಾಸಿ ನಸುಗೆಂಪಾಗುತ್ತೆ. ಬಿಳಿಯ ಕಥೆ ಬೇರೆ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ತಾನು ಮಾಸೋದಿಲ್ಲ, ಆದರೆ ಬೆಳಕು ಬಿದ್ದಾಗ ಸುತ್ತಲಿನ ಅಂಟನ್ನು ಕೊರೆಯುತ್ತೆ. ಕೈಯಿಂದ ಒರೆಸಿದರೆ ಸೀಮೆಸುಣ್ಣದ ಹಾಗೆ ಪುಡಿ ಬರುವುದು ಇದೇ ಕಾರಣಕ್ಕೆ. 1960ರ ದಶಕದ ಕಾರುಗಳಿಗೆ ಇವತ್ತಿನ ಹಾಗೆ ಮೇಲೊಂದು ಪಾರದರ್ಶಕ ಪದರ ಇರಲಿಲ್ಲ. ಬಣ್ಣದ ಪದರವೇ ನೇರವಾಗಿ ಬಿಸಿಲಿಗೆ ಒಡ್ಡಿಕೊಂಡಿತ್ತು.

ಇಲ್ಲಿ ಊರಿನಿಂದ ಬಂದವರನ್ನು ಗಲಿಬಿಲಿ ಮಾಡುವ ಒಂದು ಸಂಗತಿ ಇದೆ. ಬೆಂಗಳೂರಲ್ಲಿ ವರ್ಷದ ಹೆಚ್ಚು ತಿಂಗಳು ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ ವಾಲಿರುತ್ತಾನೆ. ಸಿಡ್ನಿ, ಮೆಲ್ಬರ್ನ್‌ನಲ್ಲಿ ವರ್ಷವಿಡೀ ಉತ್ತರದ ಕಡೆ. ಹಾಗಾಗಿ ದಿನಾ ಒಂದೇ ಕಡೆ ಮುಖ ಮಾಡಿ ನಿಲ್ಲಿಸಿದ ಕಾರಿನಲ್ಲಿ ಉತ್ತರಕ್ಕಿರುವ ಬಾಗಿಲು ಹೆಚ್ಚು ಮಾಸಿರುತ್ತೆ, ದಕ್ಷಿಣದ್ದು ಕಡಿಮೆ. ಬಾನೆಟ್ಟು, ಚಾವಣಿ ಎರಡಕ್ಕಿಂತ ಹೆಚ್ಚು. ಡಿಕ್ಕಿಯ ಒಳಗಡೆ, ನಂಬರ್ ಪ್ಲೇಟಿನ ಹಿಂದೆ, ಬಾಗಿಲು ತೆಗೆದಾಗ ಕಾಣುವ ಅಂಚಿನಲ್ಲಿ ಹುಟ್ಟಿದಾಗಿನ ಬಣ್ಣ ಹೆಚ್ಚುಕಡಿಮೆ ಹಾಗೇ ಇರಬಹುದು. ಅಂದರೆ ಒಂದೇ ಕಾರಿನ ಮೇಲೆ ಈಗ ಮೂರು ನಾಲ್ಕು ಬಣ್ಣಗಳಿವೆ. ಕೋಡ್ ಹೇಳುವುದು ಕಾರ್ಖಾನೆಯ ದಿನದ ಬಣ್ಣವನ್ನು ಮಾತ್ರ. ನಾವು ಹೊಂದಿಸಬೇಕಾದದ್ದು ಚಕ್ಕೆ ಎದ್ದ ಜಾಗದ ಪಕ್ಕದಲ್ಲಿ ಇವತ್ತು ಇರುವ ಬಣ್ಣಕ್ಕೆ.

ಅದಕ್ಕೇ ಮೊದಲ ಕೆಲಸ, ಆ ಜಾಗದ ಸುತ್ತ ತೊಳೆದು, ಮೆಲ್ಲಗೆ ಪಾಲಿಶ್ ಮಾಡೋದು. ಮೇಲಿನ ಪುಡಿ ಹೋದಾಗ ಕೆಳಗೆ ಜೀವ ಇರುವ ಬಣ್ಣ ಕಾಣುತ್ತೆ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಗಾಬರಿ ಬೇಡ, ಮೇಲ್ಪದರ ಇಲ್ಲದ ಪೇಂಟ್ ಇರೋದೇ ಹಾಗೆ. ಆದರೆ ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಬಣ್ಣ ಹೋಗುತ್ತೆ ಅನ್ನೋದು ನೆನಪಿರಲಿ.

ಈಗ ಕಣ್ಣಿಗೆ ಬರೋಣ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆ. ಒಂದು ಬಗೆ 420 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ ಹೆಚ್ಚು ಸ್ಪಂದಿಸುತ್ತೆ, ಇನ್ನೊಂದು 530ಕ್ಕೆ, ಮತ್ತೊಂದು 560ಕ್ಕೆ. ಕಾರಿನಿಂದ ಬರುವ ಬೆಳಕಿನಲ್ಲಿ ನೂರಾರು ತರಂಗಾಂತರಗಳಿದ್ದರೂ ಮಿದುಳಿಗೆ ತಲುಪೋದು ಈ ಮೂರು ಲೆಕ್ಕ ಮಾತ್ರ. ಹಾಗಾಗಿ ಎರಡು ಬೇರೆ ಬೇರೆ ವರ್ಣದ್ರವ್ಯಗಳ ಮಿಶ್ರಣ ಒಂದು ಬೆಳಕಿನಲ್ಲಿ ಅದೇ ಮೂರು ಲೆಕ್ಕ ಕೊಟ್ಟರೆ ನಮಗೆ ಎರಡೂ ಒಂದೇ ಬಣ್ಣ. ಬೆಳಕು ಬದಲಾದರೆ ಲೆಕ್ಕವೂ ಬದಲಾಗುತ್ತೆ, ಬಣ್ಣಗಳು ಬೇರೆಯಾಗುತ್ತವೆ. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಹೆಸರು ದೊಡ್ಡದು, ಆದರೆ ನಮ್ಮ ಅಮ್ಮಂದಿರಿಗೆ ಇದು ಗೊತ್ತಿದ್ದದ್ದೇ. ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆಗೆ ಬ್ಲೌಸ್ ಪೀಸ್ ಹಿಡಿದು, “ಸ್ವಲ್ಪ ಹೊರಗಡೆ ಬೆಳಕಲ್ಲಿ ನೋಡ್ತೀನಿ” ಅಂತ ಬಾಗಿಲಿಗೆ ಬರ್ತಾರಲ್ಲ, ಅದು ಮೆಟಮೆರಿಸಂ ಪರೀಕ್ಷೆಯೇ.

1960ರ ಪೇಂಟಿನಲ್ಲಿದ್ದ ಕೆಲವು ವರ್ಣದ್ರವ್ಯಗಳು ಈಗ ಬಳಕೆಯಲ್ಲಿಲ್ಲ. ಹಳದಿ, ಕಿತ್ತಳೆ ಬಣ್ಣಗಳಿಗೆ ಬಳಸುತ್ತಿದ್ದ ಸೀಸದ ಕ್ರೋಮೇಟ್ ಅದರಲ್ಲೊಂದು. ಇವತ್ತಿನ ಅಂಗಡಿಯವರು ಬೇರೆ ವರ್ಣದ್ರವ್ಯ ಸೇರಿಸಿ ಅದೇ ಬಣ್ಣ ಬರಿಸುತ್ತಾರೆ. ಆದ್ದರಿಂದ ಗ್ಯಾರೇಜಿನ ಎಲ್‌ಇಡಿ ದೀಪದಲ್ಲಿ ಸರಿಹೊಂದಿದ್ದು ಬೀದಿಗೆ ಬಂದಾಗ ಕೈಕೊಡಬಹುದು. ಪರಿಹಾರ, ಹಗಲು ಬೆಳಕಿನಲ್ಲಿ ನೋಡಿ, ಆದರೆ ನೇರ ಬಿಸಿಲಲ್ಲಿ ಅಲ್ಲ. ಯುರೋಪಿನ ಚಿತ್ರಕಾರರು ಉತ್ತರದ ಕಿಟಕಿ ಹುಡುಕುತ್ತಿದ್ದರು, ಅಲ್ಲಿ ನೇರ ಬಿಸಿಲು ಬೀಳೋದಿಲ್ಲ ಅಂತ. ಆಸ್ಟ್ರೇಲಿಯಾದಲ್ಲಿ ಅದು ದಕ್ಷಿಣದ ಕಡೆ, ನೆರಳಿರುವ ಜಾಗ. ಒಂದೇ ಬಣ್ಣವನ್ನು ದಿಟ್ಟಿಸುತ್ತಾ ಇದ್ದರೆ ಶಂಕು ಕೋಶಗಳು ದಣಿದು ತಪ್ಪು ಹೇಳುತ್ತವೆ, ಆಗಾಗ ಬೂದು ಬಣ್ಣದ ಗೋಡೆ ನೋಡಿ. ಇನ್ನೊಬ್ಬರ ಕಣ್ಣೂ ಇರಲಿ: ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತೆ, ಯುರೋಪಿಯನ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನಕ್ಕೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯೋದಿಲ್ಲ.

ಪೇಂಟ್ ಅಂಗಡಿಗಳಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಅನ್ನುವ ಕೈಯಳತೆಯ ಯಂತ್ರ ಇರುತ್ತೆ. ಅದು ಮೂರು ಲೆಕ್ಕಕ್ಕೆ ನಿಲ್ಲದೆ ಒಂದೊಂದು ತರಂಗಾಂತರದಲ್ಲಿ ಎಷ್ಟು ಬೆಳಕು ಮರಳಿತು ಅಂತ ಅಳೆಯುತ್ತೆ. ಪಾಲಿಶ್ ಮಾಡಿದ ಜಾಗವನ್ನೇ ಅಳೆಸಿ, ಅಥವಾ ಬಿಚ್ಚಬಹುದಾದ ಪೆಟ್ರೋಲ್ ಮುಚ್ಚಳ ಒಯ್ದು ತೋರಿಸಿ. ಯಂತ್ರ ಕೊಟ್ಟ ಸೂತ್ರ ಆರಂಭ ಮಾತ್ರ. ಬಣ್ಣ ಒಣಗಿದಾಗ ಬೇರೆಯಾಗಿ ಕಾಣುವುದರಿಂದ ಮೊದಲು ಒಂದು ಕಾರ್ಡಿನ ಮೇಲೆ ಹಚ್ಚಿ, ಪೂರ್ತಿ ಒಣಗಿಸಿ, ಕಾರಿನ ಪಕ್ಕ ಹಿಡಿದು ನೋಡಬೇಕು. ಮೆಟಾಲಿಕ್ ಬಣ್ಣವಾದರೆ ಇನ್ನೂ ಕಷ್ಟ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಸ್ಪ್ರೇ ಮಾಡಿದಾಗ ಮಲಗುವ ರೀತಿಯೇ ಬೇರೆ, ಬ್ರಷ್‌ನಲ್ಲಿ ಹಚ್ಚಿದಾಗ ಮಲಗುವ ರೀತಿಯೇ ಬೇರೆ.

ಇನ್ನು ಪೇಂಟಿನ ಜಾತಿ. ಆಸ್ಟ್ರೇಲಿಯಾದಲ್ಲಿ ಹಳಬರು ಕಾರಿನ ಬಣ್ಣಕ್ಕೆ ‘ಡ್ಯೂಕೋ’ ಅಂತಾರೆ, ನಮ್ಮಲ್ಲೂ ಮರಗೆಲಸದವರು ‘ಡ್ಯೂಕೋ ಪೇಂಟ್’ ಅಂತಾರೆ. ಇದು 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ ಹೆಸರು. ಅಲ್ಲಿಯವರೆಗೆ ಕಾರಿನ ಬಣ್ಣ ಒಣಗೋದಕ್ಕೆ ವಾರಗಟ್ಟಲೆ ಬೇಕಿತ್ತು, ಇದು ಗಂಟೆಗಳಲ್ಲಿ ಒಣಗುತ್ತಿತ್ತು. ಮುಂದೆ ಅಕ್ರಿಲಿಕ್ ಲ್ಯಾಕರ್ ಬಂತು, 1960ರ ದಶಕದ ಹೋಲ್ಡನ್‌ಗಳ ಮೇಲೆ ಇದ್ದದ್ದು ಅದೇ. ಲ್ಯಾಕರ್ ಒಣಗೋದು ತಿನ್ನರ್ ಆವಿಯಾಗಿ, ಆದ್ದರಿಂದ ಮತ್ತೆ ತಿನ್ನರ್ ತಾಗಿದರೆ ಕರಗುತ್ತೆ. ಎನಾಮಲ್ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಹಾಗೆ ಕರಗೋದಿಲ್ಲ. ಕಾಣದ ಮೂಲೆಯಲ್ಲಿ ಬಟ್ಟೆಗೆ ಸ್ವಲ್ಪ ತಿನ್ನರ್ ಹಾಕಿ ಒರೆಸಿ ನೋಡಿ: ಬಣ್ಣ ಬಂದರೆ ಲ್ಯಾಕರ್. ಇದು ಯಾಕೆ ಮುಖ್ಯ ಅಂದರೆ, ಎನಾಮಲ್ ಮೇಲೆ ಲ್ಯಾಕರ್ ಹಚ್ಚಿದರೆ ಕೆಳಗಿನ ಪದರ ಸುಕ್ಕುಗಟ್ಟಿ ಏಳಬಹುದು.

ಹಚ್ಚುವ ಕ್ರಮ ಹೀಗೆ. ಮೇಣ, ಜಿಡ್ಡು ತೆಗೆಯಿರಿ. ತುಕ್ಕು ಇದ್ದರೆ ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಬರಿ ಲೋಹದ ಮೇಲೆ ಪ್ರೈಮರ್ ಬೇಕೇ ಬೇಕು. ಆಮೇಲೆ ಸಣ್ಣ ಬ್ರಷ್‌ನಲ್ಲೋ ಹಲ್ಲುಕಡ್ಡಿಯ ತುದಿಯಲ್ಲೋ ಗಾಯದ ಒಳಗೆ ಮಾತ್ರ ತೆಳುವಾಗಿ ಬಣ್ಣ ತುಂಬಿ. ಒಣಗಲಿ, ಮತ್ತೆ ತುಂಬಿ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದಾಗ ನಿಲ್ಲಿಸಿ, ಕೆಲವು ದಿನ ಬಿಟ್ಟು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮಟ್ಟ ಮಾಡಿ, ಪಾಲಿಶ್ ಮಾಡಿ. ಸಿಡ್ನಿಯ ಬೇಸಿಗೆಯಲ್ಲಿ ಗಾಳಿಯ ತೇವ ನೋಡಿಕೊಳ್ಳಬೇಕು. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅಲ್ಲೇ ಸಾಂದ್ರಗೊಂಡು, ಬಣ್ಣ ಬೆಳ್ಳಗೆ ಮಬ್ಬಾಗುತ್ತೆ. ಮೆಲ್ಬರ್ನ್ ಚಳಿಗಾಲದಲ್ಲಿ ಒಣಗೋದೇ ನಿಧಾನ.

ಈಗ ಆರೋಗ್ಯದ ವಿಷಯ, ದಯವಿಟ್ಟು ಇದನ್ನು ಹಾರಿಸಬೇಡಿ. ಹಳೇ ಪೇಂಟಿನಲ್ಲಿ, ಪ್ರೈಮರ್‌ನಲ್ಲಿ ಸೀಸ ಇರಬಹುದು. ಒಣ ಉಜ್ಜಿದರೆ ಧೂಳು ಮನೆಯೆಲ್ಲ ಸೇರುತ್ತೆ. ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ವಿಷ. ನೀರು ಹಾಕಿಯೇ ಉಜ್ಜಿ, ಕೆಸರನ್ನು ಒರೆಸಿ ಬೇರೆ ಕಟ್ಟಿಡಿ, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಿ. ಎರಡನೆಯದು, ಗಟ್ಟಿಕಾರಕ ಬೆರೆಸುವ ಟು-ಪ್ಯಾಕ್ ಪೇಂಟ್. ಅದರಲ್ಲಿರುವ ಐಸೊಸೈನೇಟ್ ಉಸಿರಿಗೆ ಹೋದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳಬಹುದು. ಆಮೇಲೆ ಬಹಳ ಕಡಿಮೆ ಪ್ರಮಾಣ ತಾಗಿದರೂ ಅಸ್ತಮಾ ಬರುತ್ತೆ, ಎಷ್ಟೋ ಜನಕ್ಕೆ ಅದು ಜೀವನಪೂರ್ತಿ. ವೃತ್ತಿಪರರು ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಹಾಕಿಕೊಂಡು ಸ್ಪ್ರೇ ಮಾಡುತ್ತಾರೆ. ಮನೆಯ ಗ್ಯಾರೇಜಿನಲ್ಲಿ ಟು-ಪ್ಯಾಕ್ ಸ್ಪ್ರೇ ಬೇಡ.

ಕೊನೆಯ ಪ್ರಶ್ನೆ. ಇಷ್ಟೆಲ್ಲ ಯಾಕೆ, ಇಡೀ ಕಾರಿಗೇ ಹೊಸ ಬಣ್ಣ ಹೊಡೆಸಿದರಾಯ್ತಲ್ಲ? ವಿಕ್ಟೋರಿಯಾದಲ್ಲಿ 25 ವರ್ಷ ದಾಟಿದ ಕಾರುಗಳಿಗೆ ಕ್ಲಬ್ ಪರ್ಮಿಟ್ ಇದೆ, ನ್ಯೂ ಸೌತ್ ವೇಲ್ಸ್‌ನಲ್ಲಿ 30 ವರ್ಷದ ಐತಿಹಾಸಿಕ ವಾಹನ ಯೋಜನೆ ಇದೆ, ಅದು ಕಾರು ಆದಷ್ಟೂ ಮೂಲ ಸ್ಥಿತಿಯಲ್ಲಿರಬೇಕು ಅನ್ನುತ್ತೆ. ತುಕ್ಕು ಹರಡಿದ್ದರೆ ಪೂರ್ತಿ ಬಣ್ಣ ಹೊಡೆಸೋದೇ ಸರಿ. ಆದರೆ ನಾಲ್ಕು ಚಕ್ಕೆಗಳಿಗಾಗಿ ಇಡೀ ಮೈ ಉಜ್ಜಿದರೆ ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ, ಪದರಗಳ ಕ್ರಮ, ಆ ಕಾಲದ ವರ್ಣದ್ರವ್ಯ, ಎಲ್ಲ ಧೂಳಾಗಿ ಹೋಗುತ್ತೆ. ಹೊಸ ಬಣ್ಣ ಎಷ್ಟು ಸಲ ಬೇಕಾದರೂ ಹೊಡೆಸಬಹುದು, ಮೊದಲಿನದು ಮರಳಿ ಬರೋದಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದಾಗ ಮಾತ್ರ ಕಾಣುವ ಒಂದು ಚುಕ್ಕೆ ಇದ್ದರೆ ಇರಲಿ. ಕೆಳಗಿನ ಉಕ್ಕು ಮುಚ್ಚಿದೆ, ಸುತ್ತಲಿನ ಬಣ್ಣ ಉಳಿದಿದೆ, ಅಷ್ಟಾದರೆ ಕೆಲಸ ಸರಿಯಾಗಿದೆ ಅಂತಲೇ ಲೆಕ್ಕ.

ನಿಮ್ಮ ಮನೆಯಲ್ಲಿ ಹೋಲ್ಡನ್ ಇರಲಿ, ಊರಲ್ಲಿ ಅಜ್ಜನ ಅಂಬಾಸಿಡರ್ ಇರಲಿ, ನಂಬರ್ ಪ್ಲೇಟ್ ಬಿಚ್ಚಿ ಹಿಂದೆ ಯಾವ ಬಣ್ಣ ಇದೆ ನೋಡಿ, ನಮಗೂ ಬರೆದು ತಿಳಿಸಿ.