ದುಡಿಮೆಯಿದೆ, ಉದ್ದೇಶವೆಲ್ಲಿ?

ನಮ್ಮ ದೊಡ್ಡಣ್ಣ ಮಿರಜ್ ಕಡೆಯ ಒಂದು ಕಚೇರಿಯಲ್ಲಿ ಬಿಲ್ ಎಂಟ್ರಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಮಂಗಸೂಳಿಯಲ್ಲಿ ಬಸ್ ಹತ್ತಿದರೆ ಮನೆಗೆ ಬರುವುದು ರಾತ್ರಿಯೇ. ಹಂಗಾಮಿನಲ್ಲಿ ಉಗಾರ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಿಕ್ಕರೆ ಇನ್ನೂ ತಡ. ಪಗಾರ ಪ್ರತಿ ತಿಂಗಳು ಸರಿಯಾಗಿ ಬರುತ್ತದೆ. ಅಲ್ಲಿ ಬೈಯುವವರೂ ಇಲ್ಲ.

ಕಳೆದ ರಂಜಾನ್ ಹಬ್ಬಕ್ಕೆ ಅವನಿಗೆ ನಾಲ್ಕು ದಿನ ರಜೆ ಸಿಕ್ಕಿತು. ಚೆನ್ನಾಗಿ ಮಲಗಿದ, ಶೀರ್‌ಖುರ್ಮಾ ಕುಡಿದ, ಗೆಳೆಯರ ಜೊತೆ ತಿರುಗಾಡಿದ. ಐದನೆಯ ದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ "ಮತ್ತೆ ಅದೇ" ಎಂದ. ಅಮ್ಮಿ "ಪಾಪ, ದಣಿದಿದ್ದಾನೆ" ಅಂದರು. ಬರೀ ದಣಿವಾಗಿದ್ದರೆ ನಾಲ್ಕು ದಿನದ ನಿದ್ದೆಗೆ ಹೋಗಬೇಕಿತ್ತಲ್ಲ ಎಂದು ನನಗೆ ಅನಿಸಿತು. ಆ ರಾತ್ರಿ ಅವನನ್ನು ಕೇಳಿದೆ: "ಭಾಯಿ, ನೀನು ದಿನಾ ಹಾಕುವ ಎಂಟ್ರಿ ಕೊನೆಗೆ ಯಾರಿಗೆ ಹೋಗುತ್ತದೆ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿಲ್ಲ, ಮೇಲಿನವರಿಗೆ" ಎಂದ. ಮೂರು ವರ್ಷದಿಂದ ಅವನು ಅದೇ ಕೆಲಸ ಮಾಡುತ್ತಿದ್ದಾನೆ.

ನಮ್ಮ ಮನೆಯ ಉರ್ದುವಿನಲ್ಲಿ 'ನೀಯತ್' ಎಂದರೆ ಮನಸ್ಸಿನ ಉದ್ದೇಶ. ಅದೇ ಶಬ್ದ ಕನ್ನಡಕ್ಕೆ ಬಂದು 'ನಿಯತ್ತು' ಆಗಿ ಪ್ರಾಮಾಣಿಕತೆ ಎಂಬ ಅರ್ಥ ಪಡೆದಿದೆ. ಅಣ್ಣನ ಕೆಲಸದಲ್ಲಿ ನಿಯತ್ತು ಇದೆ. ಒಂದು ದಿನ ತಡವಾಗಿ ಹೋಗಿಲ್ಲ, ಒಂದು ಲೆಕ್ಕ ತಪ್ಪು ಬರೆದಿಲ್ಲ. ಕಳೆದುಹೋಗಿರುವುದು ನೀಯತ್. ಪ್ರಾಮಾಣಿಕವಾಗಿ ದುಡಿಯುವವರಲ್ಲೂ ಉದ್ದೇಶ ಇಲ್ಲದಿರಬಹುದು. ಅದಕ್ಕೇ ಇದು ಬೇಗ ಗುರುತಿಗೆ ಬರುವುದಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಅಣ್ಣನನ್ನು ನೋಡಿ, ಸ್ವಲ್ಪ ಓದಿ ನನಗೆ ತಿಳಿದದ್ದು ಇಷ್ಟು. ಮೊದಲನೆಯದು, ವಿಶ್ರಾಂತಿಯಿಂದ ಹೋಗದ ಬೇಸರ. ದಣಿವು ನಿದ್ದೆಯಿಂದ ಹೋಗುತ್ತದೆ, ಇದು ಹೋಗುವುದಿಲ್ಲ. ಎರಡನೆಯದು, ಕೆಲಸದ ಬಗ್ಗೆ ಮಾತೇ ಇಲ್ಲದಿರುವುದು. "ಇವತ್ತು ಏನಾಯಿತು?" ಎಂದರೆ "ಏನಿಲ್ಲ" ಎನ್ನುವ ಉತ್ತರ ತಿಂಗಳುಗಟ್ಟಲೆ ನಡೆಯುತ್ತದೆ. ಮೂರನೆಯದು, ಕೆಲಸ ಚೆನ್ನಾಗಿ ಆದರೂ ಖುಷಿ ಇಲ್ಲ, ಕೆಟ್ಟರೂ ನೋವಿಲ್ಲ. ನಾಲ್ಕನೆಯದು, ಒಂದನೇ ತಾರೀಖಿನ ಪಗಾರ ಬಿಟ್ಟರೆ ಕಾಯುವುದಕ್ಕೆ ಬೇರೇನೂ ಇಲ್ಲ. ಐದನೆಯದು ಎಲ್ಲಕ್ಕಿಂತ ಮುಖ್ಯ: ನನ್ನ ಕೆಲಸದಿಂದ ಯಾರಿಗೆ ಏನು ಉಪಯೋಗ ಎಂದು ಒಂದು ವಾಕ್ಯದಲ್ಲಿ ಹೇಳಲು ಬಾರದಿರುವುದು.

ವಾಣಿಜ್ಯ ವಿಭಾಗದ ನಾವು ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಿರ್ದೇಶನದ ಪಾಠ ಓದುತ್ತೇವೆ. ಅಲ್ಲಿ ಮಾಸ್ಲೋ ಹೇಳಿದ ಅಗತ್ಯಗಳ ಶ್ರೇಣಿ ಇದೆ. ಹಣ ಮತ್ತು ಭದ್ರತೆ ಕೆಳಗಿನ ಮೆಟ್ಟಿಲುಗಳಿಗೆ ಸಾಕಾಗುತ್ತವೆ, ಮೇಲಿನವಕ್ಕೆ ಸಾಲುವುದಿಲ್ಲ. ಅದಕ್ಕಾಗಿಯೇ ಅದೇ ಪಾಠದಲ್ಲಿ ಹಣೇತರ ಪ್ರೋತ್ಸಾಹಕಗಳ ಪಟ್ಟಿಯೂ ಇದೆ. ನಾನು ಅದನ್ನು ಪರೀಕ್ಷೆಯ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆ. ಅದು ನಮ್ಮ ಮನೆಯಲ್ಲೇ ಬೂಟು ಹಾಕಿಕೊಂಡು ಹೋಗುತ್ತಿದೆ ಎಂದು ತಿಳಿದಿರಲಿಲ್ಲ.

ಇದರ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿದೆ. ಒಂದು ವಿಶ್ವವಿದ್ಯಾಲಯದ ಪರವಾಗಿ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸಗಾರರಿದ್ದರು. ಆ ಹಣ ವಿದ್ಯಾರ್ಥಿವೇತನಕ್ಕೆ ಹೋಗುತ್ತಿತ್ತು. ಆಡಮ್ ಗ್ರಾಂಟ್ ಮತ್ತು ಜೊತೆಗಾರರು ಅವರಲ್ಲಿ ಕೆಲವರನ್ನು ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವೇ ನಿಮಿಷ ಮಾತನಾಡಿಸಿದರು. ಒಂದು ತಿಂಗಳ ನಂತರ ನೋಡಿದಾಗ ಅವರು ಫೋನಿನಲ್ಲಿ ಕಳೆಯುವ ಸಮಯ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅವರ ಪಗಾರ ಹೆಚ್ಚಿಸಿರಲಿಲ್ಲ. ತಮ್ಮ ಕೆಲಸ ಯಾರಿಗೆ ಮುಟ್ಟುತ್ತದೆ ಎಂದು ಕಣ್ಣಾರೆ ಕಂಡಿದ್ದರು, ಅಷ್ಟೇ.

ನಮ್ಮ ರಾಜ್ಯದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದರು. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲು ಆಗಲಿಲ್ಲ. ಶಾಲೆಯ ಮುಖ ಕಾಣದ ತನ್ನ ಸ್ಥಿತಿ ಊರಿನ ಮಕ್ಕಳಿಗೆ ಬರಬಾರದು ಎಂದು ಅವರಿಗೆ ಅನಿಸಿತು. ದುಡಿದದ್ದರಲ್ಲಿ ಉಳಿಸಿ, ಕಚೇರಿಗಳಿಗೆ ಅಲೆದು, 2000ದಲ್ಲಿ 28 ಮಕ್ಕಳೊಂದಿಗೆ ತಮ್ಮ ಊರಿನಲ್ಲಿ ಶಾಲೆ ಶುರುವಾಗುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಗಮನಿಸಬೇಕಾದದ್ದು ಏನೆಂದರೆ, ಅವರು ಕಿತ್ತಳೆ ಮಾರುವುದನ್ನು ಬಿಟ್ಟು ಹೊರಡಲಿಲ್ಲ. ಬುಟ್ಟಿ ಅದೇ ಇತ್ತು, ಆ ದುಡಿಮೆಯ ನೀಯತ್ ಬದಲಾಯಿತು.

ಇನ್ನೊಂದು ದಾರಿ ನಮಗೆ ಹತ್ತಿರದ ಮಿರಜಿನಲ್ಲೇ ಇದೆ. ಅಲ್ಲಿ ಸಿತಾರ್, ತಂಬೂರಿ ಮಾಡುವವರಲ್ಲಿ ಹೆಚ್ಚಿನವರು ಶಿಕಲಗಾರ ಮನೆತನದವರು. ಹಿಂದೆ ಅವರದು ಆಯುಧಗಳಿಗೆ ಸಾಣೆ ಹಿಡಿಯುವ ಕಸುಬು. 19ನೇ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆ ಗಟ್ಟಿಯಾಗಿ ಕತ್ತಿ ಕೇಳುವವರು ಕಡಿಮೆಯಾದಾಗ, ಆ ಮನೆತನದ ಫರೀದ್‌ಸಾಹೇಬ್ ಮುಂತಾದವರು ತಂತಿವಾದ್ಯಗಳ ಕಡೆ ತಿರುಗಿದರು. ಕೈಯ ಕಸುಬುತನ ಉಳಿಯಿತು, ಕೆಲಸ ಬೇರೆಯಾಯಿತು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಇರುವ ಕೆಲಸದಿಂದ ಯಾರಿಗೂ ಉಪಯೋಗವಿಲ್ಲ ಎಂದು ಖಚಿತವಾದರೆ, ಕಲಿತದ್ದನ್ನು ಇಟ್ಟುಕೊಂಡು ಕೆಲಸ ಬದಲಿಸಬಹುದು ಎಂಬುದಕ್ಕೆ ಇವರೇ ಸಾಕ್ಷಿ.

ಆದರೆ ನಾಳೆಯೇ ರಾಜೀನಾಮೆ ಕೊಡಿ ಎಂದು ಯಾರಿಗೂ ಹೇಳಲಾಗದು. ಅಣ್ಣನ ಪಗಾರದಲ್ಲಿ ಮನೆಯ ಕಿರಾಣಿ ಇದೆ, ಅಬ್ಬಾನ ಔಷಧವಿದೆ, ನನ್ನ ಕಾಲೇಜಿನ ಫೀ ಇದೆ. ಇದನ್ನು ಬರೆಯುವಾಗ ನನಗೊಂದು ವಿಷಯ ಹೊಳೆಯಿತು. ಅವನ ದುಡಿಮೆ ಯಾರಿಗೆ ಮುಟ್ಟುತ್ತದೆ ಎಂದು ಅವನನ್ನು ಕೇಳಿದ ನಾನೇ ಅದರಿಂದ ಓದುತ್ತಿದ್ದೇನೆ, ಆದರೆ ಅದನ್ನು ಒಮ್ಮೆಯೂ ಅವನಿಗೆ ಹೇಳಿರಲಿಲ್ಲ. ಕಳೆದ ವಾರ ನನ್ನ ಅಂಕಪಟ್ಟಿ ತೋರಿಸಿ ಹೇಳಿದೆ. ಅವನು ನಕ್ಕ. "ಅದು ಸರಿ, ಆದರೆ ಕುರ್ಚಿ ಅದೇ ಅಲ್ಲವಾ?" ಎಂದ. ಅವನ ಮಾತೂ ನಿಜ. ಮನೆಯವರ ಕೃತಜ್ಞತೆ ಬೇಕು, ಆದರೆ ಕೆಲಸಕ್ಕೆ ತನ್ನದೇ ಅರ್ಥವೂ ಬೇಕು. ಮರುದಿನ ಅವನು ಕಚೇರಿಯಲ್ಲಿ ಆ ಬಿಲ್ಲುಗಳು ಎಲ್ಲಿಗೆ ಹೋಗುತ್ತವೆ ಎಂದು ವಿಚಾರಿಸಿದನಂತೆ. ಸಂಜೆ ಊಟಕ್ಕೆ ಕುಳಿತಾಗ ಅದನ್ನು ತಾನಾಗಿಯೇ ಹೇಳಿದ. ಕಚೇರಿಯ ಸುದ್ದಿ ಅವನು ಮನೆಯಲ್ಲಿ ಮಾತನಾಡಿದ್ದು ಎಷ್ಟೋ ತಿಂಗಳ ಮೇಲೆ.

ಗೆಳೆಯರೇ, ನಾವು ಇನ್ನು ಕೆಲವೇ ವರ್ಷಗಳಲ್ಲಿ ಕೆಲಸ ಹುಡುಕುತ್ತೇವೆ. ಪಗಾರ ಎಷ್ಟು ಎಂದು ಕೇಳಲೇಬೇಕು, ಅದರಲ್ಲಿ ನಾಚಿಕೆಯಿಲ್ಲ. ಜೊತೆಗೆ ಈ ಕೆಲಸ ಯಾರಿಗೆ ಮುಟ್ಟುತ್ತದೆ ಎಂದೂ ಕೇಳೋಣ. ಸೇರಿದ ಮೇಲೆಯೂ ವರ್ಷಕ್ಕೊಮ್ಮೆ ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ. ಅಷ್ಟರೊಳಗೆ, ನಮ್ಮ ಫೀ ಕಟ್ಟುವವರು ಮನೆಯಲ್ಲಿ ಯಾರಿದ್ದಾರೋ ಅವರನ್ನು ಇವತ್ತು ಸಂಜೆ ಅವರ ಕೆಲಸದ ಬಗ್ಗೆ ಕೇಳಿ ನೋಡಿ. "ಏನಿಲ್ಲ" ಎಂದರೆ ಅಲ್ಲಿಗೇ ಬಿಡಬೇಡಿ, ಇನ್ನೊಮ್ಮೆ ಕೇಳಿ.